ಸಕ್ಕರೆ ಬಿಡೋದಾ, ಕ್ಯಾಲೊರಿ ಲೆಕ್ಕ ಇಡೋದಾ, ವ್ಯಾಯಾಮ ಮಾಡೋದಾ? ತೂಕ ಇಳಿಸಲು ನಿಮಗೆ ಹೊಂದುವ ದಾರಿ ಯಾವುದು

ತೂಕ ಇಳಿಸಬೇಕು, ಯಾವ ದಾರಿ ಹಿಡಿಯಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಕೆ.ಜಿ. ಸಕ್ಕರೆ ಬರುತ್ತದೆ? ಎಷ್ಟು ಲೀಟರ್ ಎಣ್ಣೆ ಬರುತ್ತದೆ? ಹೆಚ್ಚಿನವರಿಗೆ ತಕ್ಷಣ ಉತ್ತರ ಹೊಳೆಯುವುದಿಲ್ಲ. ದಿನಸಿ ಚೀಟಿ ತೆಗೆದು ನೋಡಬೇಕಾಗುತ್ತದೆ. ಆ ಚೀಟಿ ನೋಡದೆ ದಾರಿ ಆರಿಸಲು ಹೊರಟರೆ, ನಿಮ್ಮ ಮೈಗೆ ತೂಕ ಎಲ್ಲಿಂದ ಬರುತ್ತಿದೆ ಅನ್ನುವುದೇ ಗೊತ್ತಿಲ್ಲದೆ ಔಷಧಿ ಹುಡುಕಿದಂತಾಗುತ್ತದೆ.

ಸಕ್ಕರೆ ಬಿಡುವುದು, ಕ್ಯಾಲೊರಿ ಲೆಕ್ಕ ಇಡುವುದು, ವ್ಯಾಯಾಮ ಮಾಡುವುದು, ಮೂರೂ ಉಪಯೋಗಕ್ಕೆ ಬರುತ್ತವೆ. ಆದರೆ ಎಲ್ಲರಿಗೂ ಒಂದೇ ಸಮ ಬರುವುದಿಲ್ಲ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರು ಸಕ್ಕರೆ ಬಿಟ್ಟರೆ ಸಿಗುವ ಲಾಭ, ಕಾಫಿಯನ್ನೇ ಮುಟ್ಟದೆ ಎರಡು ಹೊತ್ತೂ ತಟ್ಟೆ ತುಂಬ ಅನ್ನ ಉಣ್ಣುವವರಿಗೆ ಸಿಗುವುದಿಲ್ಲ. ಇಷ್ಟು ಸರಳ ವಿಷಯ. ಆದರೂ ಪಕ್ಕದವರು ಹತ್ತು ಕೆ.ಜಿ. ಇಳಿಸಿದ್ದು ಹೇಗೆ ಅಂತ ಕೇಳಿಕೊಂಡು ಅದನ್ನೇ ನಾವೂ ಶುರು ಮಾಡುತ್ತೇವೆ, ಅಲ್ವಾ?

ಇದು ಬರೀ ಅಂದಚೆಂದದ ಮಾತೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ 100 ಜನರಲ್ಲಿ ಸುಮಾರು 30 ಮಂದಿಯ ಬಿಎಂಐ (ಎತ್ತರಕ್ಕೆ ತೂಕ ಹೊಂದುತ್ತದೆಯೇ ಅನ್ನುವ ಅಳತೆ) 25 ಅಥವಾ ಅದಕ್ಕಿಂತ ಮೇಲಿತ್ತು. ಗಂಡಸರು, ಹೆಂಗಸರು ಇಬ್ಬರಲ್ಲೂ ಹೆಚ್ಚು ಕಡಿಮೆ ಇದೇ ಲೆಕ್ಕ. ನಮ್ಮ ಮೈಕಟ್ಟಿಗೆ ಹೊಟ್ಟೆಯ ಸುತ್ತ ಕೊಬ್ಬು ಬೇಗ ಕೂರುತ್ತದೆ. ಹಾಗಾಗಿ ಭಾರತೀಯರಿಗೆ ಬಿಎಂಐ 23ಕ್ಕೇ ಎಚ್ಚರಿಕೆಯ ಗಂಟೆ ಅಂತ ವೈದ್ಯರು ಹೇಳುತ್ತಾರೆ.

ಮೊದಲು ಸ್ವಲ್ಪ ಲೆಕ್ಕ

ಯಾವ ದಾರಿ ಹಿಡಿದರೂ ಕೊನೆಗೆ ತೂಕ ಇಳಿಯುವುದು ಒಂದೇ ಕಾರಣಕ್ಕೆ: ದೇಹ ಖರ್ಚು ಮಾಡುವುದಕ್ಕಿಂತ ಒಳಗೆ ಹೋಗುವುದು ಕಡಿಮೆ ಆಗಬೇಕು. ಒಂದು ಗ್ರಾಂ ಸಕ್ಕರೆ ಅಥವಾ ಪಿಷ್ಟದಲ್ಲಿ 4 ಕ್ಯಾಲೊರಿ, ಪ್ರೊಟೀನ್‌ನಲ್ಲೂ 4, ಎಣ್ಣೆ ಅಥವಾ ತುಪ್ಪದಲ್ಲಿ 9, ಶುದ್ಧ ಆಲ್ಕೊಹಾಲ್‌ನಲ್ಲಿ 7. ಪೊಟ್ಟಣದ ಮೇಲೆ ಕಿಲೋಕ್ಯಾಲೊರಿ ಅಂತ ಬರೆದಿರುವುದನ್ನೇ ನಾವೆಲ್ಲ ಕ್ಯಾಲೊರಿ ಅನ್ನುತ್ತೇವೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ, ಕೂತು ಕೆಲಸ ಮಾಡುವ 65 ಕೆ.ಜಿ. ತೂಕದ ಗಂಡಸಿಗೆ ದಿನಕ್ಕೆ ಸುಮಾರು 2,110 ಕ್ಯಾಲೊರಿ ಸಾಕು. 55 ಕೆ.ಜಿ. ತೂಕದ ಹೆಂಗಸಿಗೆ ಸುಮಾರು 1,660. ಇದರಲ್ಲಿ ದಿನಕ್ಕೆ 300ರಿಂದ 500 ಕಡಿಮೆ ಮಾಡಿದರೆ ತೂಕ ನಿಧಾನವಾಗಿ ಇಳಿಯುತ್ತದೆ, ಹಸಿವಿನಿಂದ ತಲೆ ತಿರುಗುವುದೂ ಇಲ್ಲ. ಈ 300–500 ನಿಮಗೆ ಯಾವ ಕಡೆಯಿಂದ ಸುಲಭವಾಗಿ ಸಿಗುತ್ತದೆ ಅನ್ನುವುದನ್ನು ಹುಡುಕಬೇಕು.

ಸಕ್ಕರೆ ಬಿಡುವುದು

ಮೂರರಲ್ಲಿ ಶುರು ಮಾಡಲು ಅತಿ ಸುಲಭವಾದದ್ದು ಇದು. ತಕ್ಕಡಿ ಬೇಡ, ಆ್ಯಪ್ ಬೇಡ, ಬೆಳಿಗ್ಗೆ ಬೇಗ ಏಳಬೇಕಿಲ್ಲ. ನಿಯಮ ಒಂದೇ ಸಾಲಿನದು, ಮರೆಯುವ ಪ್ರಶ್ನೆಯೇ ಇಲ್ಲ.

ಕಾಫಿ ಲೆಕ್ಕವನ್ನೇ ನೋಡಿ. ಒಂದು ಟೀ ಚಮಚ ಸಕ್ಕರೆ ಸುಮಾರು 5 ಗ್ರಾಂ, ಅಂದರೆ 20 ಕ್ಯಾಲೊರಿ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಕಾಫಿ ಕುಡಿದರೆ 40 ಗ್ರಾಂ, 160 ಕ್ಯಾಲೊರಿ. ತಿಂಗಳಿಗೆ ಒಬ್ಬರ ಕಾಫಿಗೇ 1.2 ಕೆ.ಜಿ. ಸಕ್ಕರೆ! ಪೌಷ್ಟಿಕಾಂಶ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ಸಕ್ಕರೆಯನ್ನು ದಿನಕ್ಕೆ 20–25 ಗ್ರಾಂ ಒಳಗೆ ಇಡಿ ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದಿನದ ಕ್ಯಾಲೊರಿಯಲ್ಲಿ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಅಂದಿತ್ತು. ಅಲ್ಲಿಗೂ ಲೆಕ್ಕ ಹೆಚ್ಚು ಕಡಿಮೆ 25 ಗ್ರಾಂಗೇ ಬಂದು ನಿಲ್ಲುತ್ತದೆ. 250 ಮಿ.ಲೀ. ಕೋಲಾ ಒಂದರಲ್ಲೇ ಅಷ್ಟು ಸಕ್ಕರೆ ಇದೆ. ರಸ್ತೆ ಬದಿಯ ಒಂದು ದೊಡ್ಡ ಲೋಟ ಕಬ್ಬಿನ ಹಾಲು ಅದನ್ನೂ ದಾಟುತ್ತದೆ.

ಕುಡಿಯುವ ಸಕ್ಕರೆಯ ಮೇಲೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, ಅದು ಹೊಟ್ಟೆಗೆ ಲೆಕ್ಕವೇ ಆಗುವುದಿಲ್ಲ. ಜ್ಯೂಸ್ ಕುಡಿದವರು ಊಟ ಕಡಿಮೆ ಮಾಡಿದ್ದನ್ನು ನೀವು ನೋಡಿದ್ದೀರಾ? ಅದೇ ಕಿತ್ತಳೆಯನ್ನು ಬಿಡಿಸಿ ತಿಂದರೆ ಎರಡಕ್ಕೇ ಸಾಕೆನಿಸುತ್ತದೆ. ಇಡೀ ಹಣ್ಣಿನಲ್ಲಿ ನಾರಿದೆ, ಅಗಿಯಬೇಕು, ಹೊಟ್ಟೆ ತುಂಬುತ್ತದೆ. ಸಕ್ಕರೆ ಬಿಡುವವರು ಹಣ್ಣನ್ನೂ ಬಿಡಬೇಕಾಗಿಲ್ಲ. ಎಳನೀರಿಗೂ ಭಯ ಬೇಡ, ಒಂದು ಲೋಟಕ್ಕೆ 50 ಕ್ಯಾಲೊರಿಯ ಆಸುಪಾಸು ಅಷ್ಟೇ.

ಬೆಲ್ಲದ ವಿಷಯವನ್ನು ಸ್ಪಷ್ಟವಾಗಿ ಹೇಳಲೇಬೇಕು. "ಸಕ್ಕರೆ ಪೂರ್ತಿ ಬಿಟ್ಟಿದ್ದೇವೆ, ಈಗ ಬೆಲ್ಲದ ಕಾಫಿ" ಅನ್ನುವ ಮನೆಗಳು ಸಾಕಷ್ಟಿವೆ. ಮಂಡ್ಯದ ಅಚ್ಚು ಬೆಲ್ಲ ಇರಲಿ, ಮಲೆನಾಡಿನ ಜೋನಿ ಬೆಲ್ಲ ಇರಲಿ, ಸಾವಯವ ಅಂತ ಚೀಟಿ ಅಂಟಿಸಿದ್ದೇ ಇರಲಿ, ಅದರ ಬಹುಪಾಲು ಸಕ್ಕರೆಯೇ. ಗಟ್ಟಿ ಬೆಲ್ಲ 100 ಗ್ರಾಂಗೆ 380 ಕ್ಯಾಲೊರಿಯ ಹತ್ತಿರ, ಸಕ್ಕರೆ 400ರ ಹತ್ತಿರ. ತೂಕ ಇಳಿಸುವವರಿಗೆ ಈ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಬೆಲ್ಲದ ರುಚಿ ಬೇರೆ, ಅದಕ್ಕಾಗಿ ತಿನ್ನಿ. ತೂಕ ಇಳಿಸುತ್ತದೆ ಅಂತ ತಿನ್ನಬೇಡಿ. ಸಾರಿಗೆ ಹಾಕುವ ಒಂದು ಚೂರು ಬೆಲ್ಲದ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ಶುಗರ್ ಫ್ರೀ ಮಾತ್ರೆ, ಪುಡಿಗಳು. ತೂಕ ನಿಯಂತ್ರಣಕ್ಕೆ ಇವನ್ನು ನೆಚ್ಚಿಕೊಳ್ಳಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಕೆಲವು ತಿಂಗಳ ಊರುಗೋಲಾಗಿ ಬಳಸಿದರೆ ತಪ್ಪೇನಿಲ್ಲ. ಆದರೆ ನಾಲಿಗೆಯ ಸಿಹಿ ಚಪಲ ಹಾಗೇ ಉಳಿಯುತ್ತದೆ. ಅದಕ್ಕಿಂತ ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡುತ್ತಾ ಬರುವುದು ವಾಸಿ. ಡಿಕಾಕ್ಷನ್ ಕಡು ಕಹಿ ಇದ್ದರೆ ಸಕ್ಕರೆ ಜಾಸ್ತಿ ಬೇಡುತ್ತದೆ. ಸ್ವಲ್ಪ ತೆಳು ಮಾಡಿ, ಚಿಕೋರಿ ಕಡಿಮೆ ಇರುವ ಪುಡಿ ತಂದು ನೋಡಿ. ಒಂದೆರಡು ತಿಂಗಳಲ್ಲಿ ಹಳೆಯ ಅಳತೆಯ ಕಾಫಿ ನಿಮಗೇ ಪಾಯಸದಂತೆ ಅನ್ನಿಸುತ್ತದೆ.

ಹಾಗಾದರೆ ಸಕ್ಕರೆ ಬಿಟ್ಟರೆ ಎಷ್ಟು ಇಳಿಯುತ್ತದೆ? ವಿಶ್ವ ಆರೋಗ್ಯ ಸಂಸ್ಥೆಗಾಗಿ 2013ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಕ್ಕರೆ ಕಡಿಮೆ ಮಾಡಿದವರು ಸರಾಸರಿ 0.8 ಕೆ.ಜಿ. ಇಳಿದಿದ್ದರು. ಸಕ್ಕರೆ ತೆಗೆದು, ಅಷ್ಟೇ ಕ್ಯಾಲೊರಿಯ ಬೇರೆ ಪಿಷ್ಟ ಪದಾರ್ಥ ಕೊಟ್ಟಾಗ ತೂಕ ಬದಲಾಗಲೇ ಇಲ್ಲ. ಸಕ್ಕರೆಯಲ್ಲಿ ಮಾಟಮಂತ್ರ ಏನಿಲ್ಲ, ಅದು ತರುವ ಕ್ಯಾಲೊರಿ ಹೋದರೆ ಮಾತ್ರ ತೂಕ ಹೋಗುತ್ತದೆ. ಬಹಳ ಜನ ಎಡವುವುದು ಇಲ್ಲೇ. ಸಿಹಿ ಬಿಟ್ಟಿದ್ದೀನಲ್ಲ ಅನ್ನುವ ಧೈರ್ಯದಲ್ಲಿ ಸಂಜೆ ಖಾರಾ ಮಿಕ್ಸ್ಚರ್, ಚಕ್ಕುಲಿ, ನಿಪ್ಪಟ್ಟು ಡಬ್ಬಿಗೆ ಕೈ ಹಾಕುತ್ತಾರೆ. ಕರಿದ ಇಂಥ ತಿಂಡಿಗಳು 100 ಗ್ರಾಂಗೆ 500 ಕ್ಯಾಲೊರಿ ಆಸುಪಾಸಿನಲ್ಲಿರುತ್ತವೆ, ಸಕ್ಕರೆಗಿಂತ ಜಾಸ್ತಿ.

ಇನ್ನೊಂದು ಮಾತು. ಸಕ್ಕರೆ ಬಿಟ್ಟ ಮೊದಲ ವಾರ ಒಂದು ಒಂದೂವರೆ ಕೆ.ಜಿ. ದಿಢೀರ್ ಇಳಿಯುವುದುಂಟು. ದೇಹ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ. ಅದು ಖರ್ಚಾದಾಗ ನೀರೂ ಹೊರಗೆ ಹೋಗುತ್ತದೆ. ಎರಡನೇ ವಾರ ಮುಳ್ಳು ನಿಂತರೆ ಗಾಬರಿ ಬೇಡ. ಕೊಬ್ಬು ಕರಗುವ ವೇಗ ಬೇರೆ.

ಪೊಟ್ಟಣದ ಸಕ್ಕರೆಯನ್ನೂ ಮರೆಯಬೇಡಿ. ಮಕ್ಕಳಿಗೆ ಹಾಲಿಗೆ ಹಾಕಿ ಕೊಡುವ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಅನ್ನುವ ಪಟ್ಟಿಯಿಂದ ತೆಗೆಯಿರಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತ್ತು. ಪೊಟ್ಟಣದ ಹಿಂದೆ ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಮೂರರಲ್ಲಿ ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಯಾವುದಾದರೂ ಇದ್ದರೆ ಅದು ಸಿಹಿ ತಿಂಡಿಯೇ, ಮುಂಭಾಗದಲ್ಲಿ ರಾಗಿಯ ಚಿತ್ರ ಇದ್ದರೂ ಸರಿ.

ಹಬ್ಬದ ಒಬ್ಬಟ್ಟು ತಿನ್ನಿ. ಸಂಕ್ರಾಂತಿಯ ಎಳ್ಳು ಬೆಲ್ಲ ತಿನ್ನಿ. ತೂಕ ಏರುವುದು ವರ್ಷಕ್ಕೆ ಹತ್ತು ದಿನದ ಹಬ್ಬದಿಂದ ಅಲ್ಲ.

ಕ್ಯಾಲೊರಿ ಲೆಕ್ಕ ಇಡುವುದು

ಇದು ಮೂರರಲ್ಲಿ ಅತ್ಯಂತ ನಿಖರ ಅಂತ ಹೆಸರು ಪಡೆದ ದಾರಿ. ನಿಯಮ ನೋಡಿದರೆ ನಿಜ. ಏನು ಬೇಕಾದರೂ ತಿನ್ನಬಹುದು, ಒಟ್ಟು ಲೆಕ್ಕ ಮೀರಬಾರದು ಅಷ್ಟೇ. ಆದರೆ ನಮ್ಮ ಅಡುಗೆಮನೆಗೆ ಬಂದಾಗ ಕಥೆಯೇ ಬೇರೆ.

ಆ್ಯಪ್ ತೆರೆದು "ರಾಗಿ ಮುದ್ದೆ, 1" ಅಂತ ಹಾಕುತ್ತೀರಿ. ಯಾವ ಮುದ್ದೆ? ಬೆಂಗಳೂರಿನ ಮೆಸ್ಸಿನ ಕಿತ್ತಳೆ ಗಾತ್ರದ್ದೋ, ಮಂಡ್ಯದ ಹಳ್ಳಿ ಮನೆಯಲ್ಲಿ ಎರಡು ಕೈಯಲ್ಲಿ ಕಟ್ಟಿ ಇಟ್ಟದ್ದೋ? ರಾಗಿ ಹಿಟ್ಟು 100 ಗ್ರಾಂಗೆ ಸುಮಾರು 320 ಕ್ಯಾಲೊರಿ. ಚಿಕ್ಕ ಮುದ್ದೆಗೆ 60 ಗ್ರಾಂ ಹಿಟ್ಟು ಹೋದರೆ 190, ದೊಡ್ಡದಕ್ಕೆ 120 ಗ್ರಾಂ ಹೋದರೆ 380ಕ್ಕೂ ಮೇಲೆ. ಹೆಸರು ಒಂದೇ, ಲೆಕ್ಕ ಎರಡು ಪಟ್ಟು. "ಒಂದು ಬಟ್ಟಲು ಅನ್ನ", "ಒಂದು ಸೌಟು ಹುಳಿ" ಎಲ್ಲದರ ಹಣೆಬರಹವೂ ಇದೇ.

ಮನುಷ್ಯನ ಅಂದಾಜಿನ ಬಗ್ಗೆ ಅಮೆರಿಕದಲ್ಲಿ ಒಂದು ಹೆಸರುವಾಸಿ ಅಧ್ಯಯನ ಆಗಿದೆ. 1992ರಲ್ಲಿ ಪ್ರಕಟವಾಯಿತು. ಎಷ್ಟು ಡಯಟ್ ಮಾಡಿದರೂ ತೂಕ ಇಳಿಯುತ್ತಿಲ್ಲ ಅನ್ನುತ್ತಿದ್ದವರನ್ನು ಪರೀಕ್ಷಿಸಿದಾಗ, ಅವರು ತಾವು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು. ಮಾಡಿದ ವ್ಯಾಯಾಮವನ್ನು ಶೇ 51ರಷ್ಟು ಜಾಸ್ತಿ ಬರೆದಿದ್ದರು. ಅವರು ಸುಳ್ಳು ಹೇಳಬೇಕು ಅಂತ ಹೇಳಿದವರಲ್ಲ. ಅಂದಾಜು ಅನ್ನುವುದೇ ಹಾಗೆ.

ಅದಕ್ಕೇ ಲೆಕ್ಕ ಇಡುವುದಾದರೆ ಒಂದು ಅಡುಗೆಮನೆ ತಕ್ಕಡಿ ತನ್ನಿ, ಮತ್ತು ಹಸಿ ಪದಾರ್ಥವನ್ನು ತೂಗಿ. ಬೆಂದ ಅನ್ನ ನೀರು ಕುಡಿದು ತೂಕ ಬದಲಾಗಿರುತ್ತದೆ, ಹಸಿ ಅಕ್ಕಿ ಮೋಸ ಮಾಡುವುದಿಲ್ಲ. 100 ಗ್ರಾಂ ಅಕ್ಕಿ ಅಂದರೆ ಸುಮಾರು 350 ಕ್ಯಾಲೊರಿ, ಮುಗಿಯಿತು. ನಾಲ್ಕು ಜನರ ಮನೆಯಲ್ಲಿ ಮಧ್ಯಾಹ್ನಕ್ಕೆ 400 ಗ್ರಾಂ ಅಕ್ಕಿ ಇಟ್ಟರೆ ತಲೆಗೆ 350. ರಾತ್ರಿಯೂ ಅಷ್ಟೇ ಇಟ್ಟರೆ ಅನ್ನವೊಂದರಲ್ಲೇ 700 ಆಯಿತು. ಕೂತು ಕೆಲಸ ಮಾಡುವ ಹೆಂಗಸಿಗೆ ಇಡೀ ದಿನಕ್ಕೆ ಬೇಕಾದ್ದೇ 1,660 ಅನ್ನುವುದು ನೆನಪಿರಲಿ.

ಎಣ್ಣೆಯ ಹತ್ತಿರ ಸ್ವಲ್ಪ ನಿಲ್ಲೋಣ. ನಮ್ಮ ಲೆಕ್ಕವೆಲ್ಲ ತಪ್ಪುವುದು ಇಲ್ಲಿಯೇ. ಒಗ್ಗರಣೆಗೆ ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯುವುದನ್ನು ಒಮ್ಮೆ ಗಮನಿಸಿ. ಒಂದು ಸುತ್ತು ಸುರಿದರೆ ಸಲೀಸಾಗಿ ಎರಡು ದೊಡ್ಡ ಚಮಚ. ದೊಡ್ಡ ಚಮಚಕ್ಕೆ ಸುಮಾರು 14 ಗ್ರಾಂ, 120 ಕ್ಯಾಲೊರಿಗೂ ಮೇಲೆ. ಪಲ್ಯಕ್ಕೆ ಒಂದು ಸಲ, ಸಾರಿಗೆ ಒಂದು ಸಲ, ದೋಸೆಗೆ ಅಂಚಿನ ಸುತ್ತ ಒಂದೊಂದು ಚಮಚ. ಯಾವ ಆ್ಯಪ್‌ಗೂ ಇದನ್ನು ಯಾರೂ ಹಾಕುವುದಿಲ್ಲ.

ಇದಕ್ಕೆ ನನಗೆ ತುಂಬ ಇಷ್ಟವಾದ ಉಪಾಯ ದಿನಸಿ ಚೀಟಿಯದು. ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಎಣ್ಣೆ ಬರುತ್ತದೆ ಅನ್ನಿ. ತಲೆಗೆ ಒಂದು ಲೀಟರ್. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ, ಗ್ರಾಂಗೆ 9ರಂತೆ 8,200 ಕ್ಯಾಲೊರಿ ಆಸುಪಾಸು. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 270. ಪೌಷ್ಟಿಕಾಂಶ ಸಂಸ್ಥೆ ಹೇಳುವ ದಿನಕ್ಕೆ 2,000 ಕ್ಯಾಲೊರಿಯ ಮಾದರಿ ಊಟದಲ್ಲಿ ಎಣ್ಣೆ, ತುಪ್ಪ ಎಲ್ಲ ಸೇರಿ ದಿನಕ್ಕೆ 27 ಗ್ರಾಂ. ಅಂದರೆ ತಿಂಗಳಿಗೆ ತಲೆಗೆ ಸುಮಾರು 900 ಮಿ.ಲೀ. ನಿಮ್ಮ ಮನೆಯಲ್ಲಿ ಅದು ಒಂದೂವರೆ ಲೀಟರ್ ಇದ್ದರೆ, ದಿನಕ್ಕೆ 160 ಕ್ಯಾಲೊರಿ ಹೆಚ್ಚಿಗೆ ಹೋಗುತ್ತಿದೆ ಅಂತ ಯಾವ ತಕ್ಕಡಿಯೂ ಇಲ್ಲದೆ ಗೊತ್ತಾಯಿತು. ಮುಂದಿನ ತಿಂಗಳು ಚೀಟಿಯಲ್ಲಿ ಒಂದು ಲೀಟರ್ ಕಡಿಮೆ ಬರೆಯಿರಿ. ಬಂದದ್ದರಲ್ಲೇ ತಿಂಗಳು ದಾಟಿಸಿ. ಇಡೀ ಮನೆಯ ಕ್ಯಾಲೊರಿ ಲೆಕ್ಕ ಇದು, ಯಾರೊಬ್ಬರೂ ಪ್ರತಿ ತುತ್ತನ್ನು ಬರೆದಿಡಬೇಕಿಲ್ಲ. ಹೊರಗೆ ತಿನ್ನುವುದು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ.

ಊರಿಂದ ಊರಿಗೆ ಗಮನ ಇಡಬೇಕಾದ ಪದಾರ್ಥ ಬೇರೆ. ಕರಾವಳಿಯಲ್ಲಿ ಎಣ್ಣೆ ಕಡಿಮೆ ಇದ್ದರೂ ತೆಂಗಿನಕಾಯಿ ಅರೆದು ಹಾಕುತ್ತಾರೆ. ಹಸಿ ಕಾಯಿ ತುರಿ 100 ಗ್ರಾಂಗೆ 350ರಿಂದ 400 ಕ್ಯಾಲೊರಿ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಎಣ್ಣೆಯಿಲ್ಲದ್ದು, ಒಳ್ಳೆಯದು, ಆದರೆ ಪಕ್ಕದಲ್ಲಿ ಎಣ್ಣೆಗಾಯಿ ಮತ್ತು ಶೇಂಗಾ ಚಟ್ನಿ ಇರುತ್ತದೆ. ಇವು ಕೆಟ್ಟ ಆಹಾರ ಅಂತ ನಾನು ಹೇಳುತ್ತಿಲ್ಲ. ಶೇಂಗಾ, ಕಾಯಿ ಎರಡೂ ಇರಲಿ, ಎಷ್ಟು ಅನ್ನುವುದು ಕಣ್ಣಿಗೆ ಕಾಣುತ್ತಿರಲಿ.

ಹಾಗಂತ ಜೀವನಪೂರ್ತಿ ಲೆಕ್ಕ ಬರೆಯುತ್ತಾ ಕೂರಬೇಕಾ? ಖಂಡಿತ ಬೇಡ. ಎರಡು ಮೂರು ವಾರ ಶ್ರದ್ಧೆಯಿಂದ ತೂಗಿ ಬರೆದರೆ ಕಣ್ಣು ಕಲಿಯುತ್ತದೆ. ಹೋಟೆಲಿನ ಬೆಣ್ಣೆ ಹಾಕಿದ ಮಸಾಲೆ ದೋಸೆ 400ರ ಹತ್ತಿರ ಇರುತ್ತದೆ, ಎರಡು ಇಡ್ಲಿ ಸಾಂಬಾರ್ ಅದರ ಅರ್ಧ ಅನ್ನುವುದು ಒಮ್ಮೆ ತಲೆಗೆ ಹೋದರೆ ಮತ್ತೆ ಆ್ಯಪ್ ಬೇಕಿಲ್ಲ.

ಲೆಕ್ಕ ಇಡದೆಯೂ ತೂಕ ಇಳಿಯುತ್ತದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 609 ಜನರಿದ್ದರು. ಅರ್ಧ ಜನ ಕೊಬ್ಬು ಕಡಿಮೆ ಮಾಡಿದರು, ಇನ್ನರ್ಧ ಜನ ಪಿಷ್ಟ ಕಡಿಮೆ ಮಾಡಿದರು. ಇಷ್ಟೇ ಕ್ಯಾಲೊರಿ ತಿನ್ನಿ ಅಂತ ಯಾರಿಗೂ ಹೇಳಿರಲಿಲ್ಲ. ಎರಡೂ ಗುಂಪಿಗೆ ಸಕ್ಕರೆ, ಮೈದಾ ಬಿಡಿ, ತರಕಾರಿ ಜಾಸ್ತಿ ತಿನ್ನಿ ಅಂದಿದ್ದರು. ವರ್ಷದ ಕೊನೆಗೆ ಎರಡೂ ಗುಂಪು ಸರಾಸರಿ 5–6 ಕೆ.ಜಿ. ಇಳಿದಿತ್ತು, ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ನನಗೆ ಇದರಲ್ಲಿ ಕಾಣುವುದು, ಏನು ತಿನ್ನುತ್ತೀರಿ ಅನ್ನುವುದು ಸರಿಹೋದರೆ ಎಷ್ಟು ತಿನ್ನುತ್ತೀರಿ ಅನ್ನುವುದು ಬಹುಪಾಲು ತಾನೇ ಸರಿಹೋಗುತ್ತದೆ.

2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮಾಡಿದ ಪ್ರಯೋಗ ಇದಕ್ಕೆ ಇನ್ನೊಂದು ಮುಖ. 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪೊಟ್ಟಣದ ಆಹಾರ, ಎರಡು ವಾರ ತಾಜಾ ಅಡುಗೆ ಕೊಟ್ಟು, ಬೇಕಾದಷ್ಟು ತಿನ್ನಿ ಅಂದರು. ಪೊಟ್ಟಣದ ಆಹಾರದ ದಿನಗಳಲ್ಲಿ ಅವರು ದಿನಕ್ಕೆ 500 ಕ್ಯಾಲೊರಿಯಷ್ಟು ಹೆಚ್ಚು ತಿಂದರು, ಎರಡು ವಾರದಲ್ಲಿ ಸುಮಾರು 0.9 ಕೆ.ಜಿ. ಏರಿದರು. ಬೇಕರಿ ಪಫ್ಸ್‌ಗಿಂತ ಮನೆಯ ಉಪ್ಪಿಟ್ಟು ಯಾಕೆ ಒಳ್ಳೆಯದು ಅಂತ ಕೇಳುವವರಿಗೆ ಇಷ್ಟು ಸಾಕು. ಬಸ್ಸಾರು, ಮೊಳಕೆ ಕಾಳಿನ ಸಾರು, ಹುರುಳಿ ಕಟ್ಟು, ಕೋಸಂಬರಿ, ಮೊಟ್ಟೆ, ಮಜ್ಜಿಗೆ. ಹೊಟ್ಟೆ ತುಂಬಿಸಿ ಕ್ಯಾಲೊರಿ ಕಡಿಮೆ ಕೊಡುವ ಪದಾರ್ಥಗಳಿಗೆ ನಮ್ಮಲ್ಲಿ ಬರ ಇಲ್ಲ. ತಟ್ಟೆಯಲ್ಲಿ ಅನ್ನ ಅರ್ಧ ಇಳಿಸಿ ಕಾಳಿನ ಪಲ್ಯ ಎರಡರಷ್ಟು ಹಾಕಿಕೊಂಡರೆ ರಾತ್ರಿ ಹತ್ತಕ್ಕೆ ಡಬ್ಬಿ ಹುಡುಕುವುದು ತಾನೇ ನಿಲ್ಲುತ್ತದೆ.

ಹದಿಹರೆಯದ ಮಕ್ಕಳಿಗೆ, ಊಟದ ಬಗ್ಗೆ ಅತಿಯಾದ ಚಿಂತೆ ಇರುವವರಿಗೆ, ಹಿಂದೆ ಊಟ ಬಿಟ್ಟು ಕಾಯಿಲೆ ಬಿದ್ದವರಿಗೆ ಕ್ಯಾಲೊರಿ ಬರೆಯುವ ದಾರಿ ಬೇಡವೇ ಬೇಡ. ಅಂಥವರ ಕೈಗೆ ಅಂಕಿ ಕೊಟ್ಟರೆ ಅದು ಅವರನ್ನೇ ತಿನ್ನಲು ಶುರು ಮಾಡುತ್ತದೆ.

ವ್ಯಾಯಾಮ

ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ನಡೆಯುವವರನ್ನು ನೋಡಿದರೆ ನನಗೆ ತುಂಬ ಖುಷಿಯಾಗುತ್ತದೆ. ಆದರೆ ಅವರಲ್ಲಿ ಬಹಳ ಜನ ವರ್ಷಗಟ್ಟಲೆ ನಡೆದರೂ ತೂಕ ಇಳಿದಿಲ್ಲ ಅಂತ ಬೇಸರ ಪಡುತ್ತಾರೆ. ಅದಕ್ಕೆ ಕಾರಣ ಲೆಕ್ಕದಲ್ಲೇ ಇದೆ.

70 ಕೆ.ಜಿ. ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು 120ರಿಂದ 150 ಕ್ಯಾಲೊರಿ. ವಾಕಿಂಗ್ ಮುಗಿಸಿ ದರ್ಶಿನಿಯಲ್ಲಿ ಒಂದು ಉದ್ದಿನ ವಡೆ ತಿಂದರೆ ಲೆಕ್ಕ ಸರಿಸಮ. ಜೊತೆಗೆ ಒಂದು ಕಾಫಿ ಕುಡಿದರೆ ಸಾಲ. ವ್ಯಾಯಾಮ ಹಸಿವನ್ನೂ ಹೆಚ್ಚಿಸುತ್ತದೆ, "ಇವತ್ತು ನಡೆದಿದ್ದೀನಲ್ಲ" ಅನ್ನುವ ಸಮಾಧಾನವನ್ನೂ ಕೊಡುತ್ತದೆ.

ದೇಹವೂ ಜಾಣ. ಅಮೆರಿಕದ ಸಂಶೋಧಕ ಹರ್ಮನ್ ಪಾಂಟ್ಝರ್ ತಂಡ 2012ರಲ್ಲಿ ಟಾಂಜಾನಿಯಾದ ಹಾಡ್ಜಾ ಬೇಟೆಗಾರರ ದಿನದ ಕ್ಯಾಲೊರಿ ಖರ್ಚನ್ನು ಅಳೆದರು. ದಿನವಿಡೀ ನಡೆಯುವ, ಅಗೆಯುವ ಆ ಜನರ ಖರ್ಚು, ಮೈಗಾತ್ರ ಹೊಂದಿಸಿ ನೋಡಿದರೆ, ಕುರ್ಚಿಯಲ್ಲಿ ಕೂರುವ ಅಮೆರಿಕನ್ನರ ಖರ್ಚಿಗೆ ಸಮವಾಗಿತ್ತು. ಒಂದು ಕಡೆ ಜಾಸ್ತಿ ಖರ್ಚಾದರೆ ದೇಹ ಇನ್ನೊಂದು ಕಡೆ ಉಳಿಸಿಕೊಳ್ಳುತ್ತದೆ ಅಂತ ಅವರ ವಾದ. ಆಹಾರ ಬದಲಿಸದೆ ಬರೀ ವ್ಯಾಯಾಮ ಮಾಡಿದವರ ತೂಕ ಸಾಮಾನ್ಯವಾಗಿ ಒಂದರಿಂದ ಮೂರು ಕೆ.ಜಿ. ಇಳಿದು ನಿಲ್ಲುತ್ತದೆ.

ಹಾಗಾದರೆ ಯಾಕೆ ಮಾಡಬೇಕು? ಮಾಡಲೇಬೇಕು, ಕಾರಣಗಳು ಬೇರೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಇಳಿದ ತೂಕದ ಸುಮಾರು ಕಾಲು ಭಾಗ ಕೊಬ್ಬಲ್ಲದ್ದು ಇರಬಹುದು. ತೂಕ ಎತ್ತುವ, ಕೂತು ಏಳುವ, ಗೋಡೆ ಒತ್ತುವ ವ್ಯಾಯಾಮ ಅದನ್ನು ತಡೆಯುತ್ತದೆ. ಐವತ್ತು ದಾಟಿದವರಿಗೆ ಇದು ವಾಕಿಂಗ್‌ಗಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಮುಖ ಇಳಿದು, ತೋಳು ಸೊರಗಿ, ಹೊಟ್ಟೆ ಮಾತ್ರ ಹಾಗೇ ಉಳಿದವರನ್ನು ನೀವೂ ನೋಡಿರುತ್ತೀರಿ.

ಎರಡನೆಯದು, ಇಳಿದದ್ದನ್ನು ಉಳಿಸಿಕೊಳ್ಳುವುದು. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಒಂದು ನೋಂದಣಿ ಪಟ್ಟಿಯಲ್ಲಿ, 13 ಕೆ.ಜಿ.ಗೂ ಹೆಚ್ಚು ಇಳಿಸಿ ಕನಿಷ್ಠ ಒಂದು ವರ್ಷ ಉಳಿಸಿಕೊಂಡವರನ್ನು ಮಾತ್ರ ಸೇರಿಸುತ್ತಾರೆ. ಅವರಲ್ಲಿ ಸುಮಾರು ಶೇ 90 ಜನ ಸರಾಸರಿ ದಿನಕ್ಕೊಂದು ಗಂಟೆ ಮೈ ದಣಿಸುವವರು. 2014ರ ಒಂದು ವಿಮರ್ಶೆಯಲ್ಲಿ ಆಹಾರ ಮಾತ್ರ ಬದಲಿಸಿದವರಿಗೂ, ಆಹಾರ ಮತ್ತು ವ್ಯಾಯಾಮ ಎರಡನ್ನೂ ಮಾಡಿದವರಿಗೂ ಮೊದಲ ಆರು ತಿಂಗಳು ಹೆಚ್ಚು ವ್ಯತ್ಯಾಸ ಇರಲಿಲ್ಲ. ವರ್ಷ ಮುಗಿಯುವಾಗ ಎರಡನ್ನೂ ಮಾಡಿದವರು ಸರಾಸರಿ 1.7 ಕೆ.ಜಿ. ಮುಂದಿದ್ದರು.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಚೆನ್ನೈನಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರಿದ್ದರು. ನಡಿಗೆ ಮತ್ತು ಆಹಾರ ಬದಲಾವಣೆ ಮಾಡಿಸಿದ ಗುಂಪಿನಲ್ಲಿ ಕಾಯಿಲೆಗೆ ತಿರುಗುವ ಅಪಾಯ ಶೇ 28.5ರಷ್ಟು ತಗ್ಗಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ! ಮುಳ್ಳು ಕದಲದೆ ಇದ್ದರೂ ಒಳಗೆ ಕೆಲಸ ಆಗುತ್ತಿತ್ತು. ವರ್ಷಗಟ್ಟಲೆ ನಡೆದು ಬೇಸರ ಪಟ್ಟುಕೊಂಡವರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ, ನಿಲ್ಲಿಸಬೇಡಿ.

ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಇದು. ಬೆಳಿಗ್ಗೆ ಆಗದಿದ್ದರೆ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆಯಿರಿ, ಊಟದಿಂದ ಏರುವ ರಕ್ತದ ಸಕ್ಕರೆಯೂ ಅದರಿಂದ ತಗ್ಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಆಫೀಸಿನಲ್ಲಿ ದಿನಕ್ಕೆ ನಾಲ್ಕೈದು ಕಾಫಿ ಟೀ, ಮಧ್ಯೆ ಬಿಸ್ಕತ್ತು, ಸಂಜೆ ಒಂದು ಕೂಲ್ ಡ್ರಿಂಕ್ ಇರುವವರು ಬೇರೇನೂ ಯೋಚಿಸದೆ ಸಕ್ಕರೆಯಿಂದ ಶುರು ಮಾಡಿ. ನಿಮ್ಮ 300 ಕ್ಯಾಲೊರಿ ಅಲ್ಲೇ ಇದೆ. ಹಾಸ್ಟೆಲ್ ಮಕ್ಕಳಿಗೆ, ರಾತ್ರಿ ಪಾಳಿಯವರಿಗೆ, ಕ್ಯಾಬ್ ಓಡಿಸುವವರಿಗೂ ಇದೇ ಸರಿ. ಅವರ ಊಟ ಅವರ ಕೈಯಲ್ಲಿ ಇರುವುದಿಲ್ಲ, ಕುಡಿಯುವುದು ಮಾತ್ರ ಪೂರ್ತಿ ಅವರ ಕೈಯಲ್ಲೇ ಇರುತ್ತದೆ.

ಸಿಹಿ ಅಷ್ಟಾಗಿ ತಿನ್ನದ, ಮನೆ ಊಟವನ್ನೇ ಮಾಡುವ, ಆದರೂ ತೂಕ ಏರುತ್ತಲೇ ಇರುವವರಿಗೆ ಸಕ್ಕರೆ ಬಿಡುವ ಸಲಹೆ ವ್ಯರ್ಥ. ಮನೆಯಲ್ಲಿರುವ ಹೆಂಗಸರಲ್ಲಿ ಇದನ್ನು ತುಂಬ ನೋಡುತ್ತೇನೆ. ಎಲ್ಲರಿಗೂ ಬಡಿಸಿ, ಉಳಿದದ್ದು ಹಾಳಾಗಬಾರದು ಅಂತ ತಾವೇ ಮುಗಿಸುತ್ತಾರೆ. ಅವರಿಗೆ ಮೂರು ವಾರದ ತೂಗುವ ಲೆಕ್ಕ ಮತ್ತು ದಿನಸಿ ಚೀಟಿ ಕಣ್ಣು ತೆರೆಸುತ್ತವೆ. ಅಕ್ಕಿ ಅಳತೆಯಲ್ಲಿ ಕಾಲು ಪಾವು ಕಡಿಮೆ ಮಾಡುವುದು ಇಡೀ ಮನೆಗೆ ಸಂಬಂಧಿಸಿದ ವಿಷಯ. ಹಾಗಾಗಿ ಮನೆಯವರೆಲ್ಲ ಒಪ್ಪಿ ಮಾಡಬೇಕು, ಒಬ್ಬರ ತಲೆಗೆ ಕಟ್ಟಬಾರದು.

ಈಗಾಗಲೇ ಐದಾರು ಕೆ.ಜಿ. ಇಳಿಸಿ ನಿಂತಿರುವವರು, ಅರವತ್ತರ ಮೇಲಿನವರು, ರಕ್ತದ ಸಕ್ಕರೆ ಅಂಚಿನಲ್ಲಿರುವವರು ವ್ಯಾಯಾಮವನ್ನು ಮೊದಲ ಸ್ಥಾನಕ್ಕೆ ತನ್ನಿ. ಮಂಡಿ ನೋವಿದ್ದರೆ ಮೆಟ್ಟಿಲು, ಓಟ ಬಿಟ್ಟು ಕುರ್ಚಿಯಲ್ಲಿ ಕೂತು ಏಳುವುದರಿಂದ ಶುರು ಮಾಡಿ. ತೂಕ ಜಾಸ್ತಿ ಇರುವಾಗಲೇ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಲು ಹೋಗಬೇಡಿ.

ಮೂರನ್ನೂ ಮಾಡುವ ಮನಸ್ಸಿದ್ದರೆ ಒಂದೇ ಸೋಮವಾರ ಶುರು ಮಾಡಬೇಡಿ. ಮೊದಲ ತಿಂಗಳು ಕುಡಿಯುವ ಸಕ್ಕರೆ ಮತ್ತು ಊಟದ ನಂತರದ ನಡಿಗೆ. ಎರಡನೇ ತಿಂಗಳು ಮೂರು ವಾರ ತೂಗಿ ಬರೆಯುವುದು. ಮೂರನೇ ತಿಂಗಳಿಂದ ಬರೆಯುವುದನ್ನು ಬಿಟ್ಟು ಆ ಹೊತ್ತನ್ನು ಸ್ನಾಯುವಿನ ವ್ಯಾಯಾಮಕ್ಕೆ ಕೊಡಿ.

ಅಳೆಯುವುದು ಹೇಗೆ, ವೈದ್ಯರನ್ನು ಕೇಳುವುದು ಯಾವಾಗ

ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ನೋಡಿ. ಜೊತೆಗೆ ಟೈಲರ್ ಟೇಪ್ ಹಿಡಿದು ಸೊಂಟ ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ನಮ್ಮವರಿಗೆ ಹೇಳಿದ ಮಿತಿ. ತೂಕ ನಿಂತರೂ ಸೊಂಟ ಇಳಿಯುತ್ತಿದ್ದರೆ ದಾರಿ ಸರಿ ಇದೆ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಔಷಧಿ ಹಳೆಯ ಪ್ರಮಾಣದಲ್ಲೇ ಇದ್ದು ಊಟ ಕಡಿಮೆಯಾದರೆ ರಕ್ತದ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಬಸುರಿ, ಬಾಣಂತಿಯರು ತೂಕ ಇಳಿಸುವ ಯಾವ ಪ್ರಯೋಗವನ್ನೂ ತಾವಾಗಿ ಮಾಡಬಾರದು. ಎದೆನೋವು, ಏದುಸಿರು ಇರುವವರು ವ್ಯಾಯಾಮಕ್ಕೆ ಮುಂಚೆ ತೋರಿಸಿಕೊಳ್ಳಿ. ಎಂಟು ಹತ್ತು ವಾರ ಪ್ರಾಮಾಣಿಕವಾಗಿ ಮಾಡಿದ ಮೇಲೂ ತೂಕ, ಸೊಂಟ ಎರಡೂ ಕದಲದಿದ್ದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಥೈರಾಯ್ಡ್, ಪಿಸಿಓಡಿ (ಹೆಂಗಸರ ಅಂಡಾಶಯದ ಹಾರ್ಮೋನ್ ತೊಂದರೆ), ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಈಗ ನುಂಗುತ್ತಿರುವ ಬೇರೆ ಮಾತ್ರೆಗಳು, ಇವುಗಳಲ್ಲಿ ಯಾವುದಾದರೂ ಅಡ್ಡ ಬಂದಿರಬಹುದು. ಮಾತ್ರೆಗಳ ಚೀಟಿಯನ್ನೂ ಆ ವಾರಗಳ ತೂಕದ ಲೆಕ್ಕವನ್ನೂ ಜೊತೆಗೆ ಒಯ್ದರೆ ವೈದ್ಯರಿಗೆ ಕಾರಣ ಹುಡುಕುವುದು ಸುಲಭವಾಗುತ್ತದೆ.